ಇನ್ನೂರ ನಲವತ್ತು ಗುರಾಣಿಗಳು

ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಚೋಟು,

ನೀನು ಚೆನ್ನಾಗಿದ್ದೀಯ ಅಂತ ಅಮ್ಮ ಹೇಳಿದಳು. ನಾನಾಗಿ ಕೇಳಿರಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.

ಮೇಜಿನ ಮೇಲೆ ದಾಳ ಹಾಕಿ ಪುರಾತನ ಕಾಲದ ಯುದ್ಧ ಆಡುವ ಆಟಕ್ಕೆ ನಾನು ನಿಯಮ ಬರೆಯುತ್ತಿದ್ದ ಆ ಎರಡು ವರ್ಷ, ಸೈನಿಕರಿಗೆ ಬಣ್ಣ ಹಚ್ಚಿದವಳು ನೀನು. ವಾರವೆಲ್ಲ ಲ್ಯಾಬಿನಲ್ಲಿ ಕಟ್ಟುಹಲ್ಲಿಗೆ ಬಣ್ಣ ಹೊಂದಿಸಿ, ಭಾನುವಾರ ಬೆಳಗ್ಗೆ ಕಿಟಕಿಯ ಪಕ್ಕ ಕೂತು ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಈಟಿಯವರನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಳ್ಳುತ್ತಿದ್ದೆ. ಗುರಾಣಿಗಳಿಗೆಲ್ಲ ಒಂದೇ ಕೆಂಪು ಬಳಿದು ಮುಗಿಸು ಎಂದರೆ, ಒಂದೇ ಬಾಯಲ್ಲಿ ಎರಡು ಹಲ್ಲು ಒಂದೇ ಬಣ್ಣ ಇರಲ್ಲ, ಇಷ್ಟೊಂದು ಜನರ ಗುರಾಣಿ ಒಂದೇ ಥರ ಇರುತ್ತಾ ಅಂತ ನನ್ನನ್ನೇ ಗದರಿದ್ದೆ. ಇನ್ನೂರ ನಲವತ್ತು ಗುರಾಣಿ, ಇನ್ನೂರ ನಲವತ್ತು ಕೆಂಪು.

ನಿಯಮಗಳೂ ಪೂರ್ತಿ ನನ್ನವಲ್ಲ. ಹೆದರಿ ಓಡಿದ ತುಕಡಿಯನ್ನು ಎತ್ತಿ ಡಬ್ಬಿಗೆ ಹಾಕಬೇಕು ಅಂತ ಬರೆದಿದ್ದೆ. ಓಡಿ ಓಡಿ ಸುಸ್ತಾದ ಮೇಲೆ ಅವರು ನಿಲ್ಲಲ್ವಾ, ಹಿಂದೆ ತಿರುಗಿ ನೋಡಲ್ವಾ ಅಂತ ನೀನು ಕೇಳಿದೆ. ನಾನು ನಕ್ಕುಬಿಟ್ಟೆ. ಮರುದಿನ ನಿನಗೆ ಹೇಳದೆ ನಿಯಮ ತಿದ್ದಿದೆ: ಎರಡು ಸರದಿಯ ನಂತರ ದಾಳದಲ್ಲಿ ಐದೋ ಆರೋ ಬಿದ್ದರೆ ತುಕಡಿ ಮತ್ತೆ ಸಾಲಿಗೆ ಸೇರಬಹುದು. ಈಗ ಆಟದ ನಿಯಮಗಳ ಪುಸ್ತಕದಲ್ಲಿ ಎಲ್ಲರೂ ಹೊಗಳುವುದು ಅದೊಂದನ್ನೇ.

ಮೂರು ವರ್ಷದ ಹಿಂದೆ ಇಂಥ ಆಟದ ಸೈನ್ಯಗಳ ಸ್ಪರ್ಧೆಯಲ್ಲಿ ತೀರ್ಪುಗಾರರಾಗಿದ್ದ ಹಿರಿಯರು ನಮ್ಮ ಸೈನ್ಯವನ್ನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಯಾರ ಕೈಚಳಕ ಇದು ಅಂದರು. ನನ್ನದೇ ಸರ್ ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ನೀನು ನನ್ನ ಹಿಂದೆಯೇ ನಿಂತು ಖಾಲಿ ಡಬ್ಬಿ ಒರೆಸುತ್ತಿದ್ದೆ. ಬಟ್ಟೆ ಮಡಚಿಟ್ಟೆ. ಬಸ್ಸಿನಲ್ಲಿ ನೀನು ದಾರಿಯುದ್ದಕ್ಕೂ ಹರಿದ ಸೀಟಿನ ಬಗ್ಗೆಯೇ ಮಾತಾಡಿದೆ.

ಮುಂದಿನ ಭಾನುವಾರ ಕಣ್ಣು ನೋವು, ಇನ್ನು ಬಣ್ಣ ಹಚ್ಚಲಾರೆ ಅಂದೆ ನೀನು. ಹೌದಾ, ಹಾಗಾದರೆ ಬಿಡು ಅಂದೆ ನಾನು. ಯಾವ ಕಣ್ಣು ಅಂತ ಕೂಡ ಕೇಳಲಿಲ್ಲ. ಆರು ತಿಂಗಳಿಗೆ ನೀನು ಬೇರೆ ಊರಿನ ಲ್ಯಾಬು ಹಿಡಿದೆ. ಒಳ್ಳೆಯ ಕೆಲಸ ಸಿಕ್ಕಿತು, ಹೋದಳು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈ ವರ್ಷ ಆ ಸ್ಪರ್ಧೆಯವರಿಂದ ಕರೆ ಬಂತು, ಜನರೆದುರು ಕೂತು ಒಬ್ಬ ಸೈನಿಕನಿಗೆ ಬಣ್ಣ ಹಚ್ಚಿ ತೋರಿಸಬೇಕಂತೆ. ಆಗಲ್ಲ ಅನ್ನಲು ನಾಲಿಗೆ ಹೊರಳಲಿಲ್ಲ. ತಿಂಗಳಿಡೀ ಅಭ್ಯಾಸ ಮಾಡಿ ನಲವತ್ತು ಹೊಸ ಸೈನಿಕರನ್ನು ಹಾಳು ಮಾಡಿದೆ. ಒಬ್ಬೊಬ್ಬನ ಮುಖವೂ ಮಸಿಡಬ್ಬಿಯಲ್ಲಿ ಅದ್ದಿ ತೆಗೆದ ಹಾಗಿತ್ತು, ನೋಡಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ.

ಮೊನ್ನೆ ಭಾನುವಾರ ಸಭಾಂಗಣ ತುಂಬಿತ್ತು. ಕುಂಚ ಕೆಳಗಿಟ್ಟು ಎದ್ದು ನಿಂತೆ. ಈ ಸೈನ್ಯಕ್ಕೆ ಬಣ್ಣ ಹಚ್ಚಿದ್ದು ನಾನಲ್ಲ, ನನ್ನ ತಂಗಿ, ನಿಯಮಗಳಲ್ಲೂ ಅವಳ ಪಾಲಿದೆ, ಇಷ್ಟು ದಿನ ಸುಳ್ಳು ಹೇಳಿದ್ದೆ ಅಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ. ಪ್ರದರ್ಶನಕ್ಕಿಟ್ಟಿದ್ದ ಸೈನ್ಯದ ಮುಂದಿನ ಫಲಕದಿಂದ ನನ್ನ ಹೆಸರು ತೆಗೆದು ನಿನ್ನದನ್ನು ಬರೆದರು. ನಿನ್ನ ವಿಳಾಸ ಕೇಳಿದರು. ಅವಳನ್ನು ಕೇಳಿಯೇ ಕೊಡುತ್ತೇನೆ ಅಂದೆ.

ಸೈನ್ಯವನ್ನೆಲ್ಲ ಹತ್ತಿಯಲ್ಲಿ ಸುತ್ತಿ ಬೇರೆ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೇನೆ. ಇಟ್ಟುಕೋ, ಯಾರಿಗಾದರೂ ಕೊಡು, ನಿನ್ನಿಷ್ಟ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಕ್ಷಮಿಸುವ ಕೆಲಸವನ್ನೂ ನಿನ್ನ ತಲೆಗೇ ಕಟ್ಟಿದ ಹಾಗಾಗುತ್ತದೆ.

ನಿನ್ನ
ಅಣ್ಣ

ಮರೆತಿದ್ದಲ್ಲ, ಬಿಟ್ಟಿದ್ದು: ಮೇಲಿನದನ್ನು ಓದಿದರೆ ನಾನಾಗಿಯೇ ಧೈರ್ಯ ಮಾಡಿ ಎದ್ದ ಹಾಗಿದೆ. ಹಾಗಾಗಲಿಲ್ಲ. ನಾನು ಮೊದಲ ಗೆರೆ ಎಳೆಯುತ್ತಿದ್ದಂತೆ ಆ ತೀರ್ಪುಗಾರ ಹಿರಿಯರು ಕಿವಿಯ ಹತ್ತಿರ ಬಗ್ಗಿ, ಸೈನ್ಯದ ಮೇಲಿನ ಗೆರೆಗಳೆಲ್ಲ ಎಡಗೈಯವು, ನಿಮ್ಮದು ಬಲಗೈ, ನೀವೇ ಹೇಳ್ತೀರಾ, ನಾನು ಹೇಳಲಾ ಅಂದರು. ಆಮೇಲೆ ಎದ್ದೆ. ಇದನ್ನು ಬರೆಯದೆ ಲಕೋಟೆ ಅಂಟಿಸಿ ಅಂಚೆ ಡಬ್ಬದವರೆಗೂ ಹೋಗಿದ್ದೆ, ಚೋಟು.