ರಕ್ತ ಕಾಣಿಸದವರ ಬೆಂಚು

ನಗರದ ಆಸ್ಪತ್ರೆಗಳ ವಿಪತ್ತು ಸನ್ನದ್ಧತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದ ದಿನ ನನ್ನ ತಂಗಿ ನಿಮ್ಮ ದೊಡ್ಡಾಸ್ಪತ್ರೆಗೆ ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಬಂದಳು. ಅವಳ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ವೈದ್ಯರಿದ್ದರು, ಔಷಧಿಯಿತ್ತು, ಆಮ್ಲಜನಕವಿತ್ತು, ಹಾಸಿಗೆಯೂ ಇತ್ತು. ಅವಳು ಆ ಬೆಂಚಿನ ಮೇಲೆಯೇ ಸತ್ತಳು. ಮರುದಿನ ತಾವು ಪತ್ರಕರ್ತರ ಮುಂದೆ ಕುಳಿತು, ‘ಎಲ್ಲವೂ ನಾವು ಅಭ್ಯಾಸ ಮಾಡಿದ್ದಂತೆಯೇ ನಡೆಯಿತು’ ಎಂದು ಹೆಮ್ಮೆಪಟ್ಟಿರಿ. ತಮ್ಮ ಆ ಮಾತನ್ನು ನಾನು ಅಕ್ಷರಶಃ ಒಪ್ಪುತ್ತೇನೆ. ನನ್ನ ದೂರೂ ಅದೇ.

ನಾನು ನಾಟಕಗಳಿಗೆ ಮೇಕಪ್ ಮಾಡುವವನು. ಪ್ರತಿವರ್ಷ ತಾವು ನಡೆಸುವ ಅಣಕು ಕಾರ್ಯಾಚರಣೆಯಲ್ಲಿ ಗಾಯ ಬರೆಯುವ ಕೆಲಸವೂ ನನ್ನದೇ. ಭಯೋತ್ಪಾದಕರ ದಾಳಿಯಾಗಿದೆ ಎಂದು ಸೈರನ್ ಕೂಗುತ್ತದೆ, ನಾನು ಬಣ್ಣ ಬಳಿದ ಸ್ವಯಂಸೇವಕರು ಆಂಬುಲೆನ್ಸ್‌ಗಳಿಂದ ನರಳುತ್ತಾ ಇಳಿಯುತ್ತಾರೆ. ಕೂಡಲೇ ನೋಡಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ತಡೆದುಕೊಳ್ಳಬಲ್ಲವರಿಗೆ ಹಳದಿ, ನಡೆದಾಡುವವರಿಗೆ ಹಸಿರು. ಅತಿಥಿಗಳು ಬಂದು ಕೆಂಪಿನವರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಫೋಟೋಕ್ಕೆ ಬಿಳಿ ಬಟ್ಟೆ ಸಾಲದೆಂದು ಇದ್ದಬದ್ದ ನರ್ಸ್‌ಗಳೆಲ್ಲ ಅಲ್ಲೇ. ಹಸಿರಿನವರ ಪಾಡು ಕೇಳುವುದೇ ಬೇಡ. ಅವರು ಬೆಂಚಿನಿಂದೆದ್ದು ಅತಿಥಿಗಳಿಗೆ ಚಹಾ ಹಂಚಿ, ಚಪ್ಪಾಳೆ ತಟ್ಟಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಮನೆಗೆ ಹೋಗುತ್ತಾರೆ. ಹೀಗೆ ವರ್ಷಾನುಗಟ್ಟಲೆ ಒಂದಿಡೀ ಆಸ್ಪತ್ರೆಗೆ ತಾವು ಕಲಿಸಿದ ಪಾಠವೇನು? ಹಸಿರು ಪಟ್ಟಿ ಕಟ್ಟಿದರೆ ಆ ಮನುಷ್ಯನ ಕೆಲಸ ಮುಗಿಯಿತು ಎಂದಲ್ಲವೇ?

ಎಚ್ಚರಿಸುವವರು ಇರಲಿಲ್ಲವೆಂದು ಮಾತ್ರ ಹೇಳಬೇಡಿ. ಕಳೆದ ಸಲದ ಸಿದ್ಧತಾ ಸಭೆಯಲ್ಲಿ ತುರ್ತು ವಿಭಾಗದ ಹಿರಿಯ ನರ್ಸ್ ಎದ್ದು ನಿಂತದ್ದು ತಮಗೆ ನೆನಪಿರಬೇಕು. “ಸಾರ್, ಈ ಸಲ ಮೂರ್ನಾಲ್ಕು ಜನಕ್ಕೆ ಬಣ್ಣ ಬೇಡ. ಬಾಂಬ್ ಸಿಡಿದಾಗ ಮೈಮೇಲೆ ಒಂದು ಗೀರೂ ಇಲ್ದೆ ಒಳಗೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿರುತ್ತೆ. ನಡ್ಕೊಂಡು ಬರ್ತಾರೆ, ಮಾತಾಡ್ತಾರೆ, ಆಮೇಲೆ ಬಿದ್ದೋಗ್ತಾರೆ. ಅಂಥವರನ್ನ ಹಸಿರು ಬೆಂಚಲ್ಲಿ ಕೂರ್ಸಿ, ನಮ್ಮೋರು ತಿರುಗಿ ಬಂದು ನೋಡ್ತಾರಾ ಇಲ್ವಾ ಅಂತ ಪರೀಕ್ಷೆ ಮಾಡೋಣ” ಎಂದರು. ತಾವು ನಕ್ಕಿರಿ. “ಅಲ್ಲಮ್ಮಾ, ಸುಮ್ನೆ ಕೂತಿರೋರನ್ನ ಅತಿಥಿಗಳಿಗೆ ಏನಂತ ತೋರಿಸ್ಲಿ? ಫೋಟೋದಲ್ಲಿ ಏನ್ ಬೀಳುತ್ತೆ?” ಸಾಹೇಬರು ನಕ್ಕ ಮೇಲೆ ಕೇಳಬೇಕೇ, ಸಭೆಯೂ ನಕ್ಕಿತು. ಆ ತಾಯಿ ತಲೆ ತಗ್ಗಿಸಿ ಕುಳಿತರು.

ನನ್ನ ತಂಗಿ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಅಂದೂ ಸುಮ್ಮನೆ ಬಂದವಳಲ್ಲ, ಹಣೆ ಒಡೆದುಕೊಂಡಿದ್ದ ಅಪರಿಚಿತ ಹೆಂಗಸೊಬ್ಬರನ್ನು ಹೆಗಲು ಕೊಟ್ಟು ಕರೆತಂದಿದ್ದಳು. ಆ ಹೆಂಗಸಿಗೆ ಮುಖದ ತುಂಬ ರಕ್ತ. ಕೆಂಪು ಪಟ್ಟಿ ಬಿತ್ತು, ಒಳಗೆ ಕರೆದೊಯ್ದರು. ಅವರು ಬದುಕಿದ್ದಾರೆ, ನೂರು ಕಾಲ ಬಾಳಲಿ. ತಂಗಿ ಬೆಂಚಿನಿಂದ ನನಗೆ ಫೋನ್ ಮಾಡಿದಳು. “ಅಣ್ಣಾ, ಗಾಬರಿ ಆಗ್ಬೇಡ, ನಂಗೇನೂ ಆಗಿಲ್ಲ. ಕಿವಿ ಗುಂಯ್ ಅಂತಿದೆ, ಎದೆ ಒಂಥರಾ ಹಿಡ್ಕೊಂಡಿದೆ ಅಷ್ಟೆ. ನಿನ್ನ ಆಸ್ಪತ್ರೇಲೇ ಇದೀನಿ ಮಾರಾಯ.”

ನಿನ್ನ ಆಸ್ಪತ್ರೆ ಎಂದಳು. ನಿಲ್ದಾಣದ ಎದುರಿಗೇ ಇನ್ನೊಂದು ಚಿಕ್ಕ ಆಸ್ಪತ್ರೆಯಿದೆ. ಅದನ್ನು ದಾಟಿಕೊಂಡು ನಿಮ್ಮಲ್ಲಿಗೆ ಬಂದದ್ದು ನನ್ನ ಮಾತು ನಂಬಿ. ಏನೇ ಆಗಲಿ ದೊಡ್ಡಾಸ್ಪತ್ರೆಗೇ ಹೋಗು, ಅಲ್ಲಿಯ ತಯಾರಿ ನಾನು ಕಣ್ಣಾರೆ ಕಂಡಿದ್ದೇನೆ ಎಂದು ಪ್ರತಿ ಡ್ರಿಲ್ ಮುಗಿಸಿ ಬಂದಾಗಲೂ ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಹಾಗೆ ಕೊಚ್ಚಿಕೊಂಡದ್ದು ತಮ್ಮನ್ನು ನಂಬಿ. ನಂಬಿಕೆದ್ರೋಹ ಎಂಬ ಮಾತು ಕಟುವಾಯಿತೇ? ಬೇರೆ ಪದವಿದ್ದರೆ ತಾವೇ ತಿಳಿಸಿಕೊಡಿ.

ನಾನು ತಲುಪುವ ಹೊತ್ತಿಗೆ ಅವಳು ಗೋಡೆಗೆ ಒರಗಿದ್ದಳು. ತುಟಿ ನೀಲಿಗಟ್ಟಿತ್ತು, ಒಂದು ವಾಕ್ಯಕ್ಕೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಬಾಗಿಲ ಕಾವಲುಗಾರನನ್ನು ಬೇಡಿಕೊಂಡೆ. “ಹಸಿರು ಪಟ್ಟಿಯೋರು ಅಲ್ಲೇ ಕೂತಿರ್ಬೇಕು ಸಾರ್, ಒಳಗೆ ಸೀರಿಯಸ್ ಕೇಸ್ ನೋಡ್ತಿದಾರೆ” ಎಂದ. ಒರಟಾಗಿಯಲ್ಲ, ಸಮಾಧಾನ ಹೇಳುವಂತೆಯೇ ಎಂದ. ನಾನು ಕೂಗಾಡಿ, ನೂಕಾಡಿ, ಒಬ್ಬ ವೈದ್ಯೆಯನ್ನು ಎಳೆದು ತರುವಷ್ಟರಲ್ಲಿ ತಂಗಿ ಪಕ್ಕಕ್ಕೆ ವಾಲಿದ್ದಳು. ಆ ವೈದ್ಯೆ ನೆಲದ ಮೇಲೆಯೇ ಕೂತು ಅವಳ ಎದೆ ಒತ್ತಿದರು, ಕೈಸೋಲುವವರೆಗೂ ಒತ್ತಿದರು. ಆಮೇಲೆ ನನಗಿಂತ ಹೆಚ್ಚು ಅತ್ತರು. ಅವರ ಮೇಲಾಗಲಿ, ಆ ಕಾವಲುಗಾರನ ಮೇಲಾಗಲಿ ನನಗೆ ಸಿಟ್ಟಿಲ್ಲ. ಅವರು ಕಲಿತದ್ದನ್ನು ಚಾಚೂತಪ್ಪದೆ ಮಾಡಿದರು.

ಸಿಟ್ಟಿರುವುದು ತಮ್ಮ ಮೇಲೆ. ಮೊನ್ನೆ ತಮ್ಮ ಕಚೇರಿಯಿಂದ ಕರೆ ಬಂತು. “ಈ ವರ್ಷದ ಡ್ರಿಲ್‌ಗೆ ಬರ್ಬೇಕು ಸಾರ್. ರಕ್ತ ಸ್ವಲ್ಪ ಜಾಸ್ತಿನೇ ಇರ್ಲಿ, ಟೀವಿಯೋರು ಬರ್ತಾರೆ.” ಕರೆ ಮಾಡಿದವರಿಗೆ ನಾನು ಯಾರ ಅಣ್ಣ ಎಂಬುದು ಗೊತ್ತಿರಲಿಲ್ಲ. ತಮಗೆ ಗೊತ್ತಿತ್ತು. ಸಂತಾಪ ಸೂಚಿಸಿ ನನ್ನ ಕೈ ಹಿಡಿದುಕೊಂಡವರು ತಾವೇ ಅಲ್ಲವೇ?

ನನ್ನ ಬೇಡಿಕೆ ದೊಡ್ಡದೇನಲ್ಲ. ಅತಿಥಿಗಳನ್ನು ಕರೆಯಬೇಡಿ, ದಿನವನ್ನು ಮೊದಲೇ ಸಾರಬೇಡಿ. ಹಸಿರು ಪಟ್ಟಿಯವರನ್ನು ಮತ್ತೆ ಮತ್ತೆ ಮಾತಾಡಿಸಿ ನೋಡುವುದಕ್ಕೆಂದೇ ಒಬ್ಬ ನರ್ಸನ್ನು ನೇಮಿಸಿ. ಆ ನರ್ಸನ್ನು ಯಾವ ಫೋಟೋಕ್ಕೂ ಕರೆಯಕೂಡದು. ಅಂದು ಸಭೆಯಲ್ಲಿ ನಗೆಪಾಟಲಾದ ಆ ಹಿರಿಯ ನರ್ಸ್‌ಗೇ ಡ್ರಿಲ್‌ನ ಹೊಣೆ ಒಪ್ಪಿಸಿ.

ನಾನು ಬರುತ್ತೇನೆ. ಆದರೆ ಯಾರಿಗೂ ಬಣ್ಣ ಹಚ್ಚುವುದಿಲ್ಲ. ಹಸಿರು ಪಟ್ಟಿ ಕಟ್ಟಿಸಿಕೊಂಡು, ಎದೆಯ ಮೇಲೆ ಕೈಯಿಟ್ಟುಕೊಂಡು, ಅವಳು ಕೂತಲ್ಲೇ ಕೂರುತ್ತೇನೆ. ಯಾರಾದರೂ ಬಂದು ‘ಉಸಿರಾಟ ಹೇಗಿದೆ?’ ಎಂದು ಕೇಳಲಿ. ಕೇಳಿದರೆ ತಮಗೊಂದು ನಮಸ್ಕಾರ ಹಾಕಿ ಮನೆಗೆ ಹೋಗುತ್ತೇನೆ. ಕೇಳುವವರೆಗೆ ಏಳುವುದಿಲ್ಲ.

ಇಂತಿ,
ತಮ್ಮಲ್ಲಿದ್ದ ವಿಶ್ವಾಸ ಕಳೆದುಕೊಂಡ,
ಇಷ್ಟು ವರ್ಷ ತಮಗೆ ಗಾಯ ಬರೆದುಕೊಟ್ಟವನು