ಕೊಟ್ಟಿಗೆಯಲ್ಲಿ ಕುಳಿತ ಪ್ರಿಯಾಂಕಾ

8 ಜನವರಿ 2007, ಸೋಮವಾರ
ಬೆಳಿಗ್ಗೆ ನೀರು ಬಂತು. ಸಂಪು ತುಂಬಿಸಿ ಮೋಟರ್ ಹಾಕಿದೆ. ಬಾಡಿಗೆಯವರು ಬಾಗಿಲು ತಟ್ಟುವ ಮೊದಲೇ ಟ್ಯಾಂಕು ತುಂಬಿತ್ತು. ಉತ್ತರಹಳ್ಳಿಯಲ್ಲಿ ಇಂಥ ಓನರ್ ಇನ್ನೊಬ್ಬನಿದ್ದರೆ ತೋರಿಸಲಿ.

ಆಮೇಲೆ ಕೊಟ್ಟಿಗೆಗೆ. ಚುಕ್ಕಿ ಹಸುವನ್ನು ಕೊಟ್ಟು ಒಂಬತ್ತು ವರ್ಷ ಆಯಿತು. ಗೋಡೆಗೆ ಟೈಲ್ಸ್ ಬಂತು, ರಾಯಚೂರು ಕಡೆಯ ಮರೆಪ್ಪ ಬಾಡಿಗೆಗೆ ಬಂದ, ಆರು ಕಂಪ್ಯೂಟರ್ ಇಟ್ಟು ಸೈಬರ್ ಸೆಂಟರ್ ಮಾಡಿದ. ನನ್ನ ಬಾಯಲ್ಲಿ ಮಾತ್ರ ಇನ್ನೂ ಕೊಟ್ಟಿಗೆಯೇ. ಮೂರನೇ ನಂಬರ್ ಕಂಪ್ಯೂಟರ್ ನನ್ನದು. ಚುಕ್ಕಿಯನ್ನು ಕಟ್ಟುತ್ತಿದ್ದ ಗೂಟವೂ ಸರಿಯಾಗಿ ಅಲ್ಲೇ ಇತ್ತು.

ಏಳನೇ ಕ್ಲಾಸು. ಐವತ್ತಾರು ವರ್ಷ. ಎರಡೇ ಬೆರಳು. ಅಕ್ಷರ ಇಂಗ್ಲಿಷ್, ಮಾತು ಕನ್ನಡ. ಆದರೂ ಆರ್ಕುಟ್ ಅನ್ನುವ ಚಾಟಿಂಗ್ ಸೈಟಿನಲ್ಲಿ ನನಗೆ ನೂರಾ ಹನ್ನೆರಡು ಜನ ಫ್ರೆಂಡ್ಸ್! ಅಲ್ಲಿ ನಾನು ಚಿಕ್ಕಬೈರಪ್ಪ ಅಲ್ಲ... ಪ್ರಿಯಾಂಕಾ. ಇಪ್ಪತ್ತು ವರ್ಷ, ಬಿ.ಕಾಂ.

ಈ ಗುಟ್ಟು ಗೊತ್ತಿರುವುದು ಗೆಳೆಯ ವೆಂಕಟಸ್ವಾಮಿಗೆ ಮಾತ್ರ. ಇವತ್ತು ಪಕ್ಕದಲ್ಲೇ ಕೂತು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೋ ಬೈರ, ನಾಟಕದಲ್ಲಿ ಹೆಣ್ಣು ಪಾತ್ರ ಹಾಕ್ಸಿದ್ರೆ ನೀನೇ ಊರಿಗೆ ದೊಡ್ಡ ಸ್ಟಾರ್ ಆಗ್ತಿದ್ದೆ ಕಣೋ.”

ಆಗುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ.

13 ಜನವರಿ, ಶನಿವಾರ
ಜೆ.ಪಿ. ನಗರದ ರಘು ಅಂತ ಒಬ್ಬ ಪ್ರಿಯಾಂಕಾಗೆ ಗಂಟು ಬಿದ್ದಿದ್ದಾನೆ. ಸ್ವಂತ ಬಿಸಿನೆಸ್ಸಂತೆ. ದಿನಕ್ಕೆ ಹತ್ತು ಸಲ ಊಟ ಆಯ್ತಾ ಅಂತ ಕೇಳುತ್ತಾನೆ. ನನ್ನ ಹೆಂಡತಿ ನಾರಾಯಣಮ್ಮ ಇಡೀ ಜನ್ಮದಲ್ಲಿ ಅಷ್ಟು ಸಲ ಕೇಳಿಲ್ಲ.

ಒಂದು ಕಸುಬು ಕಲಿತೆ. ಸುಳ್ಳಿಗೆ ನಿಜದ ಒಗ್ಗರಣೆ ಹಾಕಬೇಕು. ಬರೀ ಸುಳ್ಳು ಸಪ್ಪೆ. ಜಯನಗರದ ಕಾಲೇಜು ಅಂದೆ. ಬನಶಂಕರಿಯಲ್ಲಿ ಬಸ್ ಬದಲಾಯಿಸುತ್ತೇನೆ ಅಂದೆ. ದಿನಾ ಬೆಳಿಗ್ಗೆ ನಮ್ಮ ಚುಕ್ಕಿಗೆ ಹುಲ್ಲು ಹಾಕಿಯೇ ಕಾಲೇಜಿಗೆ ಹೊರಡುವುದು ಅಂದೆ. ಆ ಮಾತಿಗೆ ಅವನು ಕರಗಿಯೇ ಹೋದ.

ಫೋಟೋ ಕೇಳಿದ. ಮೂರನೇ ನಂಬರಿನಲ್ಲಿ ಯಾವುದೋ ಒಂದಿತ್ತು, ಹಾಕಿದೆ.

20 ಜನವರಿ, ಶನಿವಾರ. ಸಂಜೆ
ಇವತ್ತಿನಷ್ಟು ಯಾವತ್ತೂ ನಕ್ಕಿಲ್ಲ. ರಘುವಿಗೆ ಹಳದಿ ಶರ್ಟು ಹಾಕಿಕೊಂಡು ಜಯನಗರ ಕಾಂಪ್ಲೆಕ್ಸ್ ಹತ್ತಿರ ಹೂವಿನವರ ಪಕ್ಕ ನಿಲ್ಲು ಅಂದಿದ್ದೆ. ನಿಂತ! ಹನ್ನೊಂದರಿಂದ ಎರಡು ಗಂಟೆಯವರೆಗೆ. ಕೈಯಲ್ಲಿ ಗುಲಾಬಿ. ನಾನೂ ವೆಂಕಟಸ್ವಾಮಿಯೂ ಎದುರಿನ ಟೀ ಅಂಗಡಿಯಲ್ಲಿ. ಕೊನೆಗೆ ತಡೆಯಲಾರದೆ ಹತ್ತಿರ ಹೋಗಿ ಕೇಳಿಯೇಬಿಟ್ಟೆ.

“ಯಾರನ್ನ ಕಾಯ್ತಿದ್ದೀಯಪ್ಪ, ಬಿಸಿಲಲ್ಲಿ?”

“ತಂಗಿ ಬರ್ತಾಳೆ ಅಂಕಲ್.”

ಮುಖ ಕೆಂಪಗಾಗಿತ್ತು. ಕೊಟ್ಟಿಗೆಗೆ ಬಂದವನೇ ಪ್ರಿಯಾಂಕಾ ಕೈಯಲ್ಲಿ ಬರೆಸಿದೆ — ‘ಮದುವೆ ಮನೆ ಲಾಡು ಥರ ಕಾಣ್ತಿದ್ರಿ. ನಾವು ಫ್ರೆಂಡ್ಸೆಲ್ಲ ಎದುರಿಗೇ ನಿಂತು ನಕ್ಕಿದ್ದು ನಕ್ಕಿದ್ದೇ.’



2 ಫೆಬ್ರವರಿ
ಪ್ರಿಯಾಂಕಾ ನನಗೇ ಬೇಜಾರಾದಳು. ಅಳಿಸಿಬಿಡು ಅಂದೆ. ಮರೆಪ್ಪ ಯಾಕೆ ಏನು ಅಂತ ಕೇಳದೆ ಅಳಿಸಿಕೊಟ್ಟ. ಚಾಟಿಂಗ್ ಸಾಕು, ಇನ್ನು ಇಸ್ಪೀಟು.

19 ಫೆಬ್ರವರಿ, ಸೋಮವಾರ
ಮನೆಯ ಫೋನಿಗೆ ಏನೋ ದೆವ್ವ ಹಿಡಿದಿದೆ. ದಿನಕ್ಕೆ ಎಂಟು, ಹತ್ತು ಕಾಲ್. ಎಲ್ಲ ಗಂಡು ದನಿ. ಎಲ್ಲರಿಗೂ ಚೂಡಾಮಣಿಯೇ ಬೇಕು. ಚೂಡಾಮಣಿ ನಮ್ಮಣ್ಣ ಹೊಳೆಪ್ಪನ ಮಗಳು. ಕಗ್ಗಲೀಪುರದಿಂದ ಬಂದು ನಮ್ಮಲ್ಲಿದ್ದುಕೊಂಡೇ ಕೊನೆ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಏಪ್ರಿಲ್‌ನಲ್ಲಿ ಪರೀಕ್ಷೆ. ವಾರದಿಂದ ಕಾಲೇಜಿಗೆ ಹೋಗಿಲ್ಲ. ಕೇಳಿದರೆ ಹೊಟ್ಟೆನೋವು.

“ಹೊಟ್ಟೆನೋವಲ್ಲ ಕಣ್ರೀ ಅದು,” ಎಂದಳು ನಾರಾಯಣಮ್ಮ. “ಫೋನ್ ಹೊಡ್ಕೊಂಡ್ರೆ ಸಾಕು, ಮಗು ಬೆಚ್ಚಿಬೀಳುತ್ತೆ.”

ಫೋನ್ ಮಾಡಿದವನೊಬ್ಬನಿಗೆ ಅವನ ಮೂರು ತಲೆಮಾರು ಸೇರಿಸಿ ಬೈದೆ. ನಕ್ಕ!

21 ಫೆಬ್ರವರಿ, ಬುಧವಾರ
ಮರೆಪ್ಪ ಕರೆದು, ಮೂರನೇ ನಂಬರಿನಲ್ಲಿ ಕೂರಿಸಿ, ಆರ್ಕುಟ್ ತೆಗೆದು ತೋರಿಸಿದ. ಚೂಡಾಮಣಿಯ ಹೆಸರು, ಚೂಡಾಮಣಿಯ ಫೋಟೋ, ನಮ್ಮ ಮನೆಯ ನಂಬರು. ಕೆಳಗೆ ಬರೆದಿರುವುದನ್ನು ಈ ಡೈರಿಯಲ್ಲಿ ಬರೆಯಲಾರೆ. ಅವಳೇ ಕರೆಯುತ್ತಿರುವ ಹಾಗೆ... ಕಾಲೇಜಿನಲ್ಲಿ ಎಲ್ಲರೂ ನೋಡಿದ್ದಾರಂತೆ.

ನಾನೂ ಬರೆಯುತ್ತೇನೆ ನೋಡು ಅಂತ ಕೀಬೋರ್ಡ್ ಎಳೆದುಕೊಂಡೆ. ಮರೆಪ್ಪ ಕೈ ಅಡ್ಡ ಹಿಡಿದ.

“ಬ್ಯಾಡ್ರೀ ಗೌಡ್ರ. ನೀವು ಬೈದ್ರ ಅವಂಗ ಹಬ್ಬ. ಸುಮ್ನಿದ್ದು ಮೊದ್ಲ ಪ್ರಿಂಟ್ ತಗೊಳ್ಳೋಣ, ತಾರೀಖು ಸಮೇತ. ಆಮ್ಯಾಲೆ ಇದನ್ನ ತೆಗೀರಿ ಅಂತ ಕಂಪನಿಗೆ ಬರಿಯೋಣ. ಆಮ್ಯಾಲೆ ಪೊಲೀಸ್.”

ನನಗೆ ಬುದ್ಧಿ ಹೇಳುವವನು ಇವನೊಬ್ಬ ಉಳಿದಿದ್ದ. ಆದರೂ ಅವನ ಮಾತು ಕೇಳಿದೆ.

ಕಳ್ಳನನ್ನು ಹಿಡಿಯುವುದು ನಾನೇ. ದನ ಕೊಳ್ಳುವಾಗ ಅಪ್ಪ ಹೇಳುತ್ತಿದ್ದ — ಕೇಳುವ ಮೊದಲೇ ನಿನಗೆ ಬೇಕಾದ್ದನ್ನೇ ಹೇಳುವವನ ಹಗ್ಗ ಹಿಡಿಯಬೇಡ, ದನದ ಹಲ್ಲು ನೋಡಗೊಡದವನ ಹತ್ತಿರವೂ ಸುಳಿಯಬೇಡ. ಮೋಸಗಾರ ಎಲ್ಲಿದ್ದರೂ ಒಂದೇ. ಎಲ್ಲದಕ್ಕೂ ಹೂಂ ಅನ್ನುತ್ತಾನೆ, ನಮ್ಮ ಗುಟ್ಟು ಕೇಳುತ್ತಾನೆ, ತನ್ನ ಮುಖ ತೋರಿಸುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಫೋಟೋ ಅವನಿಗೆ ಎಲ್ಲಿಂದ ಸಿಕ್ಕಿತೋ. ಕಾಲೇಜಿನವರದೇ ಕೆಲಸ ಇರಬೇಕು.

24 ಫೆಬ್ರವರಿ, ಶನಿವಾರ
ಪ್ರಿಂಟ್ ಹನ್ನೊಂದು ಹಾಳೆ. ಚೂಡಾಮಣಿ ಒಂದೊಂದನ್ನೇ ತಿರುವಿದಳು. ಕಣ್ಣಲ್ಲಿ ನೀರಿಲ್ಲ. ಅದೇ ನನಗೆ ಭಯ. ಕೊನೆಯ ಹಾಳೆಯಲ್ಲಿ ಬೆರಳಿಟ್ಟಳು.

‘ಚುಕ್ಕಿಗೆ ಹುಲ್ಲು ಹಾಕಿದ್ಯಾ? ನನ್ನ ಬಿಸಿಲಲ್ಲಿ ನಿಲ್ಲಿಸಿ ನಕ್ಕಿದ್ದಕ್ಕೆ ನೀನು ಇನ್ನು ತಲೆ ಎತ್ತಬಾರದು.’

“ಚಿಕ್ಕಪ್ಪ, ನಾನ್ಯಾರನ್ನ ಬಿಸಿಲಲ್ಲಿ ನಿಲ್ಸಿದ್ದೀನಿ? ಚುಕ್ಕೀನ ಕೊಟ್ಟಾಗ ನಾನಿನ್ನೂ ಆರನೇ ಕ್ಲಾಸು. ಕಾಲೇಜಲ್ಲಿ ಒಬ್ರಿಗೂ ಹೇಳಿಲ್ಲ. ಅವನಿಗೆ ಹೆಂಗೆ ಗೊತ್ತು?”

ಮೋಟರ್ ಆರಿಸಿ ಬರ್ತೀನಿ ಅಂತ ಎದ್ದು ಬಂದೆ. ಮೋಟರ್ ಹಾಕಿಯೇ ಇರಲಿಲ್ಲ.

25 ಫೆಬ್ರವರಿ
—

1 ಮಾರ್ಚ್, ಗುರುವಾರ. ಮಧ್ಯಾಹ್ನ
ಈ ಡೈರಿಯನ್ನು ಯಾರೂ ಓದುವುದಿಲ್ಲ. ಆದರೂ ಇದರಲ್ಲೂ ಸುಳ್ಳು ಬರೆದಿದ್ದೇನೆ. ಫೋಟೋ ‘ಯಾವುದೋ ಒಂದಿತ್ತು’ ಅಂತ. ಯಾವುದೋ ಅಲ್ಲ. ಸ್ಕಾಲರ್‌ಶಿಪ್ ಅರ್ಜಿಗೆ ಅಂತ ಮರೆಪ್ಪ ಸ್ಕ್ಯಾನ್ ಮಾಡಿದ್ದ ಚೂಡಾಮಣಿಯ ಫೋಟೋ. ಪ್ರಿಯಾಂಕಾಗೆ ಕೊಟ್ಟ ಕಾಲೇಜು ಅವಳದು. ಬಸ್ಸು ಅವಳದು. ಒಗ್ಗರಣೆ ಪೂರ್ತಿ ಅವಳದೇ.

ಲೆಕ್ಕ ಹಾಕಿದರೆ ಸುಲಭ. ಆ ರಘು ಬನಶಂಕರಿಯಲ್ಲಿ ಕಾದಿದ್ದಾನೆ. ಫೋಟೋದ ಹುಡುಗಿ ಕಂಡಿದ್ದಾಳೆ. ಹಿಂದೆಯೇ ಬಸ್ಸು ಹತ್ತಿ ಮನೆಯವರೆಗೆ ಬಂದಿದ್ದಾನೆ. ಸೈಬರ್ ಬೋರ್ಡಿನ ಮೇಲೆ ಮನೆಯ ಫೋನ್ ನಂಬರು — ಅದನ್ನು ದಪ್ಪಕ್ಷರದಲ್ಲಿ ಬರೆಸಿದವನೂ ನಾನೇ. ಹೆಸರು ತಿಳಿಯುವುದೇನು ಕಷ್ಟ?

ಅವನು ನೀಚ. ಅದರಲ್ಲಿ ಎರಡು ಮಾತಿಲ್ಲ. ಒಂದು ಹುಡುಗಿಗೆ ಇಂಥದ್ದು ಮಾಡುವವನಿಗೆ ಹಳದಿ ಶರ್ಟು ನೆಪ ಅಲ್ಲ. ಆದರೆ ಮೂರು ಗಂಟೆ ಒಬ್ಬನನ್ನು ಬಿಸಿಲಲ್ಲಿ ನಿಲ್ಲಿಸಿ, ಹತ್ತಿರ ಹೋಗಿ ಮುಖ ನೋಡಿ, ಮನೆಗೆ ಬಂದು ಇನ್ನೊಂದು ಸಲ ಚುಚ್ಚಿದವನಿಗೆ ಏನೆನ್ನಬೇಕು? ಅವತ್ತು ತಮಾಷೆ ಅಂದಿದ್ದೆ. ಅವನೂ ಈಗ ತಮಾಷೆ ಅನ್ನುತ್ತಿರಬಹುದು.

ವೆಂಕಟಸ್ವಾಮಿಗೆ ಹೇಳಿದೆ. ನಗಲಿಲ್ಲ. “ನನ್ ಹೆಸ್ರು ಎಳೀಬೇಡ ಕಣೋ” ಎಂದ.

5 ಮಾರ್ಚ್, ಸೋಮವಾರ
ಯಾವನೋ ಈ ವಿಷಯ ಅಣ್ಣನ ಕಿವಿಗೆ ಹಾಕಿದ್ದಾನೆ. ಫೋನಿನಲ್ಲಿ ಅಣ್ಣನದು ಒಂದೇ ಮಾತು — “ಭಾನುವಾರ ಬರ್ತೀನಿ. ಬಟ್ಟೆಬರೆ ಕಟ್ಟಿಸಿಟ್ಟಿರು. ಓದಿದ್ದು ಸಾಕು. ಹಾರೋಹಳ್ಳಿ ಕಡೆಯವರು ಕೇಳ್ತಿದ್ದಾರೆ, ಕೊಟ್ಟುಬಿಡ್ತೀನಿ.”

ಪರೀಕ್ಷೆಗೆ ಒಂದೇ ತಿಂಗಳು. ಮೂರು ವರ್ಷದ ಓದು. ಏನೂ ಮಾಡದ ಹುಡುಗಿ.

ಕಂಪನಿಯವರು ಆ ಪುಟ ಇನ್ನೂ ತೆಗೆದಿಲ್ಲ. ಪೊಲೀಸರಿಗೆ ಕೊಡಲು ಮರೆಪ್ಪ ದೂರು ಬರೆಯುತ್ತಿದ್ದ. “ಅವಂಗೂ ನಮ್ಮ ಹುಡುಗಿಗೂ ಪರಿಚಯ ಹ್ಯಾಂಗಾತು ಅಂತ ಕೇಳ್ತಾರ್ರೀ. ಏನಂತ ಬರೀಲಿ?” ಎಂದು ಕೇಳಿ, ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡಿದ. ಅವನಿಗೆ ಮೊದಲಿನಿಂದ ಗೊತ್ತು. ಯಾವ ಕಂಪ್ಯೂಟರಿನಲ್ಲಿ ಏನು ನಡೆಯುತ್ತದೆ ಅಂತ ಸೈಬರ್ ನಡೆಸುವವನಿಗೆ ತಿಳಿಯದೆ ಇರುತ್ತದೆಯೇ?

ನಾಳೆ ಬರೆಯೋಣ ಅಂದೆ.

8 ಮಾರ್ಚ್, ಗುರುವಾರ
ಹೇಳಿದೆ. ಚೂಡಾಮಣಿ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ತಮಾಷೆ ಮಾಡುವವನ ಹಾಗೆ ಶುರು ಮಾಡಿದೆ. ನನಗೆ ಬೇರೆ ಥರ ಬರುವುದೇ ಇಲ್ಲ. ಅರ್ಧ ಹಾಗೇ ಹೇಳಿದೆ. ಉಳಿದರ್ಧ ನೆಲ ನೋಡಿಕೊಂಡು ಹೇಳಿದೆ.

ಬಟ್ಟೆಯೆಲ್ಲ ಮಡಿಸಿ ಮುಗಿಸಿದಳು.

“ಯಾಕ್ ಚಿಕ್ಕಪ್ಪ ನನ್ ಫೋಟೋನೇ ಹಾಕ್ದೆ?”

ಊರಿಗೆಲ್ಲ ಉತ್ತರ ಕೊಡುವ ಬಾಯಿ ಇದು. ಉತ್ತರ ಹುಡುಕಿದೆ. ಕೈಗೆ ಸಿಕ್ಕಿತು, ಹಾಕಿದೆ. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಇಬ್ಬರಿಗೂ ಸ್ವಲ್ಪ ವಾಸಿಯಾಗುತ್ತಿತ್ತು.

“ಹದಿನೈದು ದಿನದಿಂದ ನಾನೇನ್ ತಪ್ಪು ಮಾಡ್ದೆ ಅಂತ ಹುಡುಕ್ತಿದ್ದೀನಿ,” ಎಂದಳು. “ಯಾವ ಬಸ್ಸಲ್ಲಿ ಯಾರನ್ನ ನೋಡಿ ನಕ್ಕಿರ್ಬೋದು ಅಂತ. ನೀನು ದಿನಾ ಎದುರಿಗೇ ಊಟ ಮಾಡ್ತಿದ್ದೆ.”

ಬಟ್ಟೆ ಎತ್ತಿಕೊಂಡು ಇಳಿದಳು. ಮೆಟ್ಟಿಲ ಮೇಲೆ ನಿಂತು, ತಿರುಗದೆ — “ಅಪ್ಪಂಗೂ ನೀನೇ ಹೇಳ್ಬೇಕು. ನಾನ್ ಹೇಳಲ್ಲ.”

9 ಮಾರ್ಚ್, ಶುಕ್ರವಾರ
ದೂರು ಕೊಟ್ಟು ಬಂದೆವು. ನಾನು, ಮರೆಪ್ಪ, ಚೂಡಾಮಣಿ. ಮೊದಲ ಪ್ಯಾರಾದಲ್ಲೇ ನನ್ನ ಹೆಸರು, ಕೆಳಗೆ ಸಹಿ. ಓದಿದ ಪೊಲೀಸಿನವರು ತಲೆ ಎತ್ತಿ ನೋಡಿದರು.

“ಏನ್ ಯಜಮಾನ್ರೇ... ಈ ಮೀಸೆ ಇಟ್ಕೊಂಡು ಪ್ರಿಯಾಂಕಾನಾ?”

ಪಕ್ಕದ ಟೇಬಲ್‌ನವರೂ ನಕ್ಕರು. ಯಾವತ್ತೂ ಜನ ನಕ್ಕರೆ ನನಗೆ ಹೊಟ್ಟೆ ತುಂಬುತ್ತಿತ್ತು. ಇವತ್ತು ಸುಮ್ಮನೆ ನಿಂತಿದ್ದೆ, ಹಳದಿ ಶರ್ಟಿನವನು ನಿಂತ ಹಾಗೆ. ಚೂಡಾಮಣಿ ಮಾತ್ರ ನಗಲಿಲ್ಲ. “ಸಾರ್, ಮೊದ್ಲು ಆ ಪೇಜ್ ತೆಗ್ಸಿ,” ಎಂದಳು. ದನಿ ಗಟ್ಟಿಯಾಗಿತ್ತು.

ಮನೆಗೆ ಬಂದು ಬೋರ್ಡಿನ ನಂಬರು ಕಾಣದ ಹಾಗೆ ಬಣ್ಣ ಬಳಿದೆ.

11 ಮಾರ್ಚ್, ಭಾನುವಾರ. ಬೆಳಿಗ್ಗೆ 10:20
ಅಣ್ಣ ಬಂದಿದ್ದಾನೆ. ಹಾಲ್‌ನಲ್ಲಿ ಕೂತಿದ್ದಾನೆ. ನಾರಾಯಣಮ್ಮ ಕೊಟ್ಟ ಕಾಫಿ ಮುಟ್ಟಿಲ್ಲ. ಚೂಡಾಮಣಿಯ ಸೂಟ್‌ಕೇಸು ಬಾಗಿಲ ಹತ್ತಿರ... ಅವನೇ ಹೊರಗೆ ತಂದಿಟ್ಟ. “ಇವಳು ಏನೂ ಮಾಡ್ದೇನೇ ಯಾವನೋ ಸುಮ್‌ಸುಮ್ನೆ ಇವಳ ಹಿಂದೆ ಬೀಳ್ತಾನಾ?” — ಇಲ್ಲಿಗೂ ಕೇಳಿಸುತ್ತಿದೆ.

ಕನ್ನಡಕ ತರ್ತೀನಿ ಅಂತ ಒಳಗೆ ಬಂದವನು ನಿಂತೇ ಬರೆಯುತ್ತಿದ್ದೇನೆ. ಕನ್ನಡಕ ಮೂಗಿನ ಮೇಲೇ ಇದೆ.

ಬಾಗಿಲಲ್ಲಿ ಚೂಡಾಮಣಿ. “ಚಿಕ್ಕಪ್ಪ, ಬರ್ದಿದ್ದು ಸಾಕು. ಬಾ.”

ಹೊರಟೆ. ಮೊದಲ ಮಾತು ಮಾತ್ರ ಇಲ್ಲಿ ಒಂದು ಸಲ ಬರೆದು ನೋಡುತ್ತೇನೆ. ಅಲ್ಲಿ ನಾಲಿಗೆ ತಮಾಷೆಗೆ ಹೊರಳಬಾರದು.

ಅಣ್ಣಾ, ಅವಳೇನೂ ಮಾಡಿಲ್ಲ. ಆ ಹುಡುಗನನ್ನ ಬಿಸಿಲಲ್ಲಿ ನಿಲ್ಸಿದ್ದು ನಾನು. ಅವಳ ಫೋಟೋ ಹಾಕಿ —