ವಿಭೂತಿ ಹಚ್ಚಿದ ಎಂಜಿನ್

ನೀಲಕಂಠಣ್ಣಾ,

ಒಂದೂರಲ್ಲಿ ಎಣ್ಣೆ ಕಕ್ಕುವ ಹಳೇ ಕಾರೊಂದಿತ್ತಂತೆ. ಅಣ್ಣ ರಿಪೇರಿ ಮೇಸ್ತ್ರಿಯನ್ನು ಕರೆತರಲು ಪಿರಿಯಾಪಟ್ಟಣಕ್ಕೆ ಹೋದಾಗ ಅತ್ತಿಗೆಗೆ ಹೆರಿಗೆ ನೋವು ಶುರುವಾಯಿತಂತೆ. “ಸೋರೋ ಜಾಗ ನಾನ್ ಹುಡುಕ್ತೀನಿ ಕಣತ್ತಿಗೆ, ವಸಿ ತಡ್ಕೊಳಿ” ಎಂದು ಮಾತು ಕೊಟ್ಟ ತಂಗಿ ಎಂಜಿನ್ ಒರೆಸಿ, ಅಜ್ಜಿಯ ವಿಭೂತಿಯನ್ನೆಲ್ಲ ಪುಡಿಮಾಡಿ ಬಳಿದು, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿದಳಂತೆ. “ಪೂಜೆಗೂ ಒಂದ್ ಚಿಟಿಕೆ ಉಳಿಸ್ನಿಲ್ವಲ್ಲೇ!” ಎಂದು ಅಜ್ಜಿ ಬೈಯುತ್ತಿರುವಾಗಲೇ ಬಿಳಿಯ ಮೇಲೆ ಎಣ್ಣೆಯ ಕಪ್ಪು ಗೆರೆ ಇಳಿಯಿತು. ನೀನು ದಿನಾ ಬಿಗಿಯುವ ತಳದ ಬೋಲ್ಟಲ್ಲ ಕಣೋ, ಮೇಲಿನ ಎಣ್ಣೆ ಪೈಪಿನ ನಟ್ಟು ಸಡಿಲವಾಗಿತ್ತು.

ಅತ್ತಿಗೆಗೆ ಇನ್ನು ತಡೆಯಲಾಗದು. ನನಗೆ ಕಾರು ಓಡಿಸಲು ಬಾರದು, ಪಕ್ಕದ ಮನೆ ಕರಿಯಪ್ಪನ ಎತ್ತಿನ ಗಾಡಿಯಲ್ಲಿ ಹುಣಸೂರು ಆಸ್ಪತ್ರೆಗೆ ಹೊರಟಿದ್ದೇವೆ. ಡಬ್ಬದಲ್ಲಿದ್ದ ಎಣ್ಣೆಯನ್ನು ಎಂಜಿನ್ನಿಗೆ ಸುರಿದಿದ್ದೇನೆ. ಕಾರು ತಂದು ದಾರಿಯಲ್ಲೇ ನಮ್ಮನ್ನು ಹತ್ತಿಸಿಕೋ. ಹೆದರಬೇಡ. ನಟ್ಟು ಬಿಗಿದು, ಎಣ್ಣೆ ಒರೆಸಿ, ಕೆಳಗೆ ಉದುರಿದ್ದ ಪುಡಿಯನ್ನೇ ಬಳಿದು, ಮತ್ತೆ ಚಾಲೂ ಮಾಡಿ ನೋಡಿದೆ. ವಿಭೂತಿ ಬೆಳ್ಳಗೇ ಇದೆ.